ಛತ್ರದ ಯಜಮಾನರ ಎದೆಯುರಿ

ನಮ್ಮ ಯಜಮಾನರು ತೀರಿಕೊಂಡ ದಿನ ನೋಡಲು ಬಂದವರೆಲ್ಲ ಅವರ ಹೆಂಡತಿಯನ್ನು ಕೇಳಿದ್ದು ಒಂದೇ ಪ್ರಶ್ನೆ. "ಹೊಟ್ಟೇದಾ?" ಆಕೆ ಮೊದಮೊದಲು ಸುಮ್ಮನೆ ತಲೆ ಅಲ್ಲಾಡಿಸಿದರು. ಆಮೇಲೆ "ಅಲ್ಲ" ಎಂದರು. ಕೊನೆಗೆ ಅಳು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆದರು. "ಹೊಟ್ಟೆ ಗುಂಡ್ಕಲ್ ಇದ್ದಂಗಿತ್ತು, ಹೋಗಿದ್ದು ಹಾರ್ಟು ಅಂತ ಗೇಟ್ ಹತ್ರಾನೇ ಹೇಳ್ಬಿಡಮ್ಮ. ಒಬ್ಬೊಬ್ರಿಗೂ ಹೇಳಿ ಸಾಕಾಯ್ತು ನಂಗೆ." ನಾನು ಗೇಟಿನ ಹತ್ತಿರ ನಿಂತು ಹೇಳಿದೆ. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಚಾಮರಾಜಪೇಟೆಯಲ್ಲಿ ಆ ಮನುಷ್ಯನ ಹೆಸರು ಮರೆತವರು ಇದ್ದಾರು, ಹೊಟ್ಟೆಯ ಸಮಾಚಾರ ಗೊತ್ತಿಲ್ಲದವರಿರಲಿಲ್ಲ.

ನಮ್ಮ ಯಜಮಾನರು ಎಂದರೆ ನನ್ನ ಗಂಡ ಅಲ್ಲ. ಇದನ್ನು ಎಷ್ಟೋ ಜನಕ್ಕೆ ಬಿಡಿಸಿ ಹೇಳಬೇಕಾಗಿ ಬಂದಿದೆ. ಅವರು ಒಂದು ಛತ್ರದ ಯಜಮಾನರು, ಅಂದರೆ ಮದುವೆ ಮನೆಯವರು ಬಾಡಿಗೆಗೆ ಹಿಡಿಯುವ ಕಲ್ಯಾಣ ಮಂಟಪದ ಮಾಲೀಕರು. ನಾನು ಅಲ್ಲಿನ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದವಳು. ಅವರ ತಂದೆ ಮಾಗಡಿ ಕಡೆಯ ಹಳ್ಳಿಯಿಂದ ಸೊಪ್ಪಿನ ಹೊರೆ ತಂದು ಮಾರುಕಟ್ಟೆಯಲ್ಲಿ ಮಾರುತ್ತಿದ್ದವರು. ಸೊಪ್ಪಿನಿಂದ ತರಕಾರಿ ಮಂಡಿಗೆ, ಮಂಡಿಯಿಂದ ಸೈಟಿಗೆ, ಸೈಟಿನಿಂದ ಛತ್ರಕ್ಕೆ ಏರಿದ ಮನೆತನ. ಮಗನಿಗೆ ಛತ್ರ ಬಂತು, ಅದರ ಜೊತೆಗೆ ಮದುವೆಯೂಟವೂ ಬಂತು.

ಛತ್ರದ ಯಜಮಾನ ಎಂದರೆ ಬಾಡಿಗೆ ತೆಗೆದುಕೊಂಡು ಬೀಗದ ಕೈ ಕೊಡುವವನು ಎಂದು ನೀವು ತಿಳಿದುಕೊಂಡಿದ್ದರೆ ತಪ್ಪು. ಮದುವೆಗೆ ಬಂದ ನೆಂಟರಷ್ಟೇ ಮರ್ಯಾದೆ ಅವನಿಗೂ ಉಂಟು. ಮಧ್ಯಾಹ್ನ ಹೆಣ್ಣಿನ ತಂದೆಯೋ ಸೋದರಮಾವನೋ ಆಫೀಸಿನ ಬಾಗಿಲಿಗೆ ಬಂದು ಕೈ ಮುಗಿದು, "ಯಜಮಾನ್ರೆ, ಎಲೆ ಹಾಕಿದೆ, ಬನ್ನಿ" ಎನ್ನುತ್ತಿದ್ದರು. ನಮ್ಮವರು, "ಇವತ್ತು ಬೇಡ ಬಿಡಿ, ಹೊಟ್ಟೆ ಸರಿ ಇಲ್ಲ" ಎನ್ನುತ್ತಲೇ ಚಪ್ಪಲಿ ಹುಡುಕುತ್ತಿದ್ದರು. "ಇಲ್ಲ ಅನ್ನಬಾರ್ದು ತಾಯಿ. ಮಗಳ ಮದ್ವೆ ಮಾಡೋನು ಅರ್ಧ ಜೀವ ಆಗಿರ್ತಾನೆ. ನಾವ್ ಬೇರೆ ಇಲ್ಲ ಅಂದು ಅವನ್ನ ನೋಯಿಸ್ಬೇಕಾ" ಎಂದು ನನಗೆ ಹೇಳಿ ಹೋಗುತ್ತಿದ್ದರು. ಹೀಗೆ ಯಾರನ್ನೂ ನೋಯಿಸದೆ ಮೂವತ್ತು ವರ್ಷ ಉಂಡ ಮನುಷ್ಯ ಅವರು.

ಊಟ ಮುಗಿಸಿ ಬಂದು ಕುರ್ಚಿಯಲ್ಲಿ ಕೂತ ಮೇಲೆ ಶುರುವಾಗುತ್ತಿತ್ತು. ಮೊದಲು ಅಂಗೈ ಎದೆಯ ಮೇಲೆ. ಆಮೇಲೆ ಗಂಟಲು ಸರಿಮಾಡಿಕೊಳ್ಳುವುದು. ಆಮೇಲೆ ಹುಳಿನೀರು ಬಾಯಿಗೆ ಬಂದಿತೆಂದು ಮುಖ ಹಿಂಡುವುದು. ಮಲಗುವಂತಿಲ್ಲ, ಮಲಗಿದರೆ ಉಂಡದ್ದೆಲ್ಲ ಗಂಟಲಿಗೆ. ಯಾರೋ ಹೇಳಿದರೆಂದು ಮನೆಯ ಮಂಚದ ತಲೆದೆಸೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಅದರಿಂದ ಅವರಿಗೆ ಎಷ್ಟು ಗುಣವಾಯಿತೋ ತಿಳಿಯದು. ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಎಂದು ಕರೆಯುತ್ತಿದ್ದವರು, ನನ್ನ ಹತ್ತಿರ ಅಂದದ್ದು ಮಾತ್ರ ನೆನಪಿದೆ. "ಜಾರುಬಂಡೆ ಆಗೋಗಿದೆ ಕಣಮ್ಮ ಮಂಚ. ತಲೆದಿಂಬಿನ್ ಮೇಲೆ ಮಲಗ್ತೀನಿ, ಬೆಳಗ್ಗೆ ಎದ್ರೆ ಕಾಲು ಬೀರುಗೆ ತಾಗಿರುತ್ತೆ."

ಈ ಕಾಯಿಲೆಗೆ ಕನ್ನಡದಲ್ಲಿ ಸರಿಯಾದ ಹೆಸರಿಲ್ಲದ್ದೂ ಅವರಿಗೆ ತೊಂದರೆಯಾಯಿತು. ಒಮ್ಮೆ ವೈಯಾಲಿಕಾವಲ್ ಕಡೆಯವರೊಬ್ಬರು ತಾವು ಹೊಸದಾಗಿ ಕಟ್ಟಿಸಿದ ಏರ್ ಕಂಡೀಷನ್ ಇರುವ ದೊಡ್ಡ ಛತ್ರದ ಪ್ರಾರಂಭೋತ್ಸವಕ್ಕೆ ಕರೆಯಲು ಬಂದರು. ನಮ್ಮವರು ಆಮಂತ್ರಣ ಪತ್ರಿಕೆ ತೆಗೆದುಕೊಂಡು, ಚಿತ್ರ ನೋಡಿ, ಎದೆ ಉಜ್ಜಿಕೊಳ್ಳುತ್ತಾ, "ಯಾಕೋ ಬೆಳಗ್ಗೆಯಿಂದ ಹೊಟ್ಟೆ ಉರೀತಾನೇ ಇದೆ ಸ್ವಾಮಿ" ಎಂದರು. ಬಂದವರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಇವರಿಗೆ ಕಾರಣ ಹೊಳೆದದ್ದು ಸಂಜೆಗೆ. ಅಂದಿನಿಂದ 'ಹೊಟ್ಟೆ ಉರಿ' ಬಿಟ್ಟು 'ಎದೆ ಉರಿ' ಎನ್ನತೊಡಗಿದರು.

ಎದೆ ಉರಿ ಎಂದದ್ದರಿಂದಲೇ ಮುಂದಿನ ರಾದ್ಧಾಂತ. ಒಂದು ಮದುವೆಯಲ್ಲಿ ಮೆಣಸಿನಕಾಯಿ ಬಜ್ಜಿ ಮಾಡಿಸಿದ್ದರು. ನಮ್ಮವರು ಪಂಕ್ತಿಯಿಂದ ಅರ್ಧಕ್ಕೆ ಎದ್ದು, ಎದೆ ಹಿಡಿದುಕೊಂಡು, ಮುಖವೆಲ್ಲ ಬೆವರಿ, "ಎದೆ, ಎದೆ" ಎಂದರು. ಎದುರು ಸಾಲಿನಲ್ಲಿ ಉಣ್ಣುತ್ತಿದ್ದ ಹೃದಯದ ಡಾಕ್ಟರೊಬ್ಬರು ಮೊಸರನ್ನದ ಕೈಯನ್ನು ಮೇಲೆತ್ತಿಕೊಂಡೇ ಓಡಿಬಂದು ಎಡಗೈಯಲ್ಲಿ ನಾಡಿ ಹಿಡಿದರು. ಮದುಮಗನಿಗೆಂದು ಹೂವಿನಲ್ಲಿ ಅಲಂಕರಿಸಿ ನಿಲ್ಲಿಸಿದ್ದ ಕಾರಿನಲ್ಲೇ ಅವರನ್ನು ಆಸ್ಪತ್ರೆಗೆ ಸಾಗಿಸಿದೆವು. ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದವನು ಕಾರಿನೊಳಗೆ ಇಣುಕಿ, ಹಿಂದಿನ ಸೀಟಿನಲ್ಲಿ ಒರಗಿದ್ದ ಅರವತ್ತರ ಗಂಡನ್ನು ನೋಡಿ ನಕ್ಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಆಸ್ಪತ್ರೆಯವರು ಪರೀಕ್ಷೆ ಎಲ್ಲ ಮಾಡಿ, "ಹಾರ್ಟು ಚೆನ್ನಾಗಿದೆ. ಇದು ಆ್ಯಸಿಡ್ಡು" ಎಂದರು. ಅಷ್ಟು ಹೊತ್ತಿಗೆ ಹೊರಗೆ ಅರ್ಧ ಪೇಟೆ ನೆರೆದಿತ್ತು. ಯಜಮಾನರು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ತಾಯಿ, ಕೆಲ್ಸ ಬಿಟ್ಟು ಇಷ್ಟು ಜನ ಬಂದವ್ರೆ. ಬರೀ ಗ್ಯಾಸು ಅಂತ ಹೆಂಗ್ ಹೇಳೋದು. ಸ್ವಲ್ಪ ಡೌಟಿದೆ ಅಂತನಾದ್ರೂ ಹೇಳು."

ಅಲ್ಲಿಂದ ಅವರನ್ನು ಹೊಟ್ಟೆಯ ಡಾಕ್ಟರಿಗೆ ಒಪ್ಪಿಸಿದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಬಸವನಗುಡಿಯವಳೇ, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ಖಾಲಿ ಹೊಟ್ಟೆಗೆ ನುಂಗಬೇಕೆಂದು ಮಾತ್ರೆ ಬರೆದುಕೊಟ್ಟಳು. ನಮ್ಮವರು ಅದನ್ನು ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ನುಂಗುತ್ತಿದ್ದರು. "ಬೆಂಕಿ ಹತ್ಕೊಂಡ್ ಮೇಲೆ ತಾನೇ ನೀರ್ ಹಾಕೋದು. ಮೊದ್ಲೇ ಹಾಕಿದ್ರೆ ವೇಸ್ಟು" ಎಂಬುದು ಅವರ ವಾದ. ಗೊತ್ತಾದಾಗ ಡಾಕ್ಟರಮ್ಮ ಬೈಯಲಿಲ್ಲ. ಮಾತ್ರೆಯ ಚೀಟಿಯನ್ನು ಅವರ ಕೈಯಿಂದ ತೆಗೆದು ಅಮ್ಮಾವ್ರ ಕೈಗೆ ಕೊಟ್ಟಳು, ಅಷ್ಟೆ.

ಸರಿಯಾಗಿ ನುಂಗಿದ ಮೇಲೆ ಉರಿ ತಗ್ಗಿತು. ಆದರೆ ಬಗ್ಗಿದರೆ ಉಂಡದ್ದು ಮೇಲೆ ಬರುವುದು ನಿಲ್ಲಲಿಲ್ಲ, ದನಿ ಒಡೆದ ಹಾಗಾಗಿತ್ತು, ಕೆಮ್ಮು ಬಿಡಲಿಲ್ಲ. ಡಾಕ್ಟರಮ್ಮ ಹೇಳಿದಳು: "ಅನ್ನನಾಳ ಹೊಟ್ಟೆಗೆ ಸೇರೋ ಜಾಗದಲ್ಲಿ ಒಂದು ವಾಲ್ವ್ ಇರುತ್ತೆ ಸರ್. ನಿಮ್ಗೆ ಅದು ಸಡಿಲ ಆಗಿದೆ. ಮಾತ್ರೆ ಆ್ಯಸಿಡ್ ಕಮ್ಮಿ ಮಾಡುತ್ತೆ, ವಾಲ್ವ್ ರಿಪೇರಿ ಮಾಡಲ್ಲ. ಮಾತ್ರೇಲೇ ಇರಬಹುದು. ಇಲ್ಲಾಂದ್ರೆ ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪಿಲಿ ಸರಿ ಮಾಡಬಹುದು. ಅದೂ ಬೇಡ ಅಂದ್ರೆ ಬಾಯಿಂದಾನೇ ಸ್ಕೋಪ್, ಅಂದ್ರೆ ಕ್ಯಾಮೆರಾ ಇರೋ ಪೈಪ್ ಬಿಟ್ಟು ಮಾಡೋದೂ ಇದೆ, ಅದು ಎಲ್ರಿಗೂ ಆಗಲ್ಲ. ಟೆಸ್ಟ್ ಮಾಡಿ ನೋಡ್ಬೇಕು. ಯೋಚನೆ ಮಾಡಿ."

ಯೋಚನೆ ಮಾಡಿ ಎಂದದ್ದೇ ತಪ್ಪಾಯಿತು. ಆ ಸಲದ ಮದುವೆ ಕಾಲವೆಲ್ಲ ಯಜಮಾನರು ಬಂದ ಡಾಕ್ಟರುಗಳನ್ನೆಲ್ಲ ವಿಚಾರಿಸಿದರು. ಎಂಥ ಮದುವೆಗಾದರೂ ನಾಲ್ಕು ಜನ ಡಾಕ್ಟರು ಬಂದೇ ಬರುತ್ತಾರೆ. ಅವರನ್ನು ಹಿಡಿಯಲು ಇವರು ಕೈತೊಳೆಯುವ ನಲ್ಲಿಗಳ ಹತ್ತಿರ ನಿಲ್ಲುತ್ತಿದ್ದರು. ಎಂಜಲು ಕೈಯಲ್ಲಿ ಯಾರೂ ಓಡಿಹೋಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಒಂದು ಮದುವೆಯಲ್ಲಿ ಗಂಡಿನ ಕಡೆಯ ಸರ್ಜನ್ ಲ್ಯಾಪ್ರೋಸ್ಕೋಪಿಯೇ ಗಟ್ಟಿ, ಬಹಳ ಕಾಲದಿಂದ ಮಾಡುತ್ತಿದ್ದಾರೆ ಎಂದರು. ಹೆಣ್ಣಿನ ಕಡೆಯ ಡಾಕ್ಟರು, ಈ ವಯಸ್ಸಿಗೆ ಕೊಯ್ಯಿಸಿಕೊಳ್ಳುವುದೇಕೆ, ಬಾಯಿಂದ ಆಗುವುದಾದರೆ ಬಾಯಿಂದಲೇ ಆಗಲಿ ಎಂದರು. ಅವರಿಬ್ಬರೂ ನಲ್ಲಿಯ ಮುಂದೆಯೇ ವಾದಕ್ಕೆ ನಿಂತು, ಹಿಂದೆ ಕೈ ತೊಳೆಯಲು ಕಾದವರ ಸಾಲು ಊಟದ ಹಾಲಿನವರೆಗೆ ಬೆಳೆದು, ಬೀಗರು ಬೀಗರಿಗೆ ಏನೋ ಜಗಳವಾಗಿದೆ ಎಂದು ಸುದ್ದಿ ಹಬ್ಬಿ, ನಾನು ಹೋಗಿ ಬಿಡಿಸಬೇಕಾಯಿತು.

ಇನ್ನೊಮ್ಮೆ ಒಬ್ಬ ಡಾಕ್ಟರು ಇವರ ಕಥೆಯನ್ನು ತಾಳ್ಮೆಯಿಂದ ಕೇಳಿದರು. ಯಾವಾಗ ಬರುತ್ತದೆ, ಹುಳಿಯೋ ಕಹಿಯೋ, ಬಗ್ಗಿದಾಗಲೋ ಮಲಗಿದಾಗಲೋ ಎಲ್ಲ ವಿಚಾರಿಸಿದರು. ಕೊನೆಗೆ ಕೈ ಒರೆಸಿಕೊಂಡು ಹೇಳಿದರು: "ನಾನು ದನದ ಡಾಕ್ಟ್ರು ಯಜಮಾನ್ರೆ. ಹಸುಗಾದ್ರೆ ಉಂಡಿದ್ದು ಮೇಲೆ ಬಂದ್ರೆ ಆರೋಗ್ಯ ಚೆನ್ನಾಗಿದೆ ಅಂತ ಅರ್ಥ." ಯಜಮಾನರಿಗೆ ಬೇಸರವಾಗಲಿಲ್ಲ. "ಪೂರ್ತಿ ಕೇಳ್ಸ್ಕೊಂಡಿದ್ದು ಆವಯ್ಯ ಒಬ್ನೇ ಕಣಮ್ಮ" ಎಂದು ಬಹಳ ದಿನ ಹೊಗಳುತ್ತಿದ್ದರು.

ಅಷ್ಟರಲ್ಲಿ ಅವರ ಒಬ್ಬಳೇ ಮಗಳಿಗೆ ಗಂಡು ಗೊತ್ತಾಯಿತು. ಮದುವೆ ಮಾರ್ಚಿನಲ್ಲಿ ಎಂದು ಮಾತಾಯಿತು. ಆಗ ಯಜಮಾನರಿಗೆ ಹಠ ಹುಟ್ಟಿತು. "ಊರೋರ ಮದ್ವೇಲೆಲ್ಲ ಎದೆ ಹಿಡ್ಕೊಂಡು ಉಂಡಿದೀನಿ. ನನ್ ಮಗಳ ಮದ್ವೇಲಿ ಆರಾಮಾಗಿ ಕೂತು ಎಲೆ ಪೂರ್ತಿ ಉಣ್ಬೇಕು ತಾಯಿ. ಅದಕ್ಕೆ ಮುಂಚೆ ರಿಪೇರಿ ಆಗೋಗ್ಲಿ." ನವೆಂಬರಿನಲ್ಲಿ ಡಾಕ್ಟರಮ್ಮನ ಮುಂದೆ ಹೋಗಿ ಕೂತರು.

ಮೊದಲು ಒಂದು ದಿನದ ಪರೀಕ್ಷೆ. ಮೂಗಿನಿಂದ ಅನ್ನನಾಳಕ್ಕೆ ದಾರದಂಥ ಸಣ್ಣ ಕೊಳವೆ ಇಳಿಸಿ, ಕೆನ್ನೆಗೆ ಪ್ಲಾಸ್ಟರ್ ಅಂಟಿಸಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿದ ಪುಟ್ಟ ಪೆಟ್ಟಿಗೆಗೆ ಸೇರಿಸಿದರು. ಆ್ಯಸಿಡ್ ಯಾವಾಗ ಮೇಲೇರುತ್ತದೆಂದು ಅದು ಬರೆದುಕೊಳ್ಳುತ್ತದೆ. ಉರಿ ಬಂದಾಗ ಒಂದು ಗುಂಡಿ ಒತ್ತಬೇಕು. ದಿನಾ ಇರುವ ಹಾಗೆಯೇ ಇರಿ, ದಿನಾ ತಿನ್ನುವುದನ್ನೇ ತಿನ್ನಿ ಎಂದು ಕಳಿಸಿದರು. ಅವರು ದಿನಾ ತಿನ್ನುವುದು ಮದುವೆಯೂಟ. ಹಾಗಾಗಿ ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ ಪಂಕ್ತಿಯಲ್ಲಿ ಕೂತು ಹೋಳಿಗೆ ಹಾಕಿಸಿಕೊಂಡರು. ಬಡಿಸುವವನು ಮೂಗು ನೋಡಿ ಹಿಂಜರಿದಾಗ, "ಹಾಕಪ್ಪ, ಡಾಕ್ಟ್ರೇ ಹೇಳವ್ರೆ" ಎಂದರು. ಫೋಟೋದವನು ಎರಡು ಸಲ ಬಂದು ನೋಡಿ, ಕ್ಯಾಮೆರಾ ಇನ್ನೊಂದು ಸಾಲಿಗೆ ತಿರುಗಿಸಿಕೊಂಡ. ಸಂಜೆ ಭಾವೀ ಬೀಗರು ಮದುವೆಯ ಏರ್ಪಾಟು ಮಾತಾಡಲು ಛತ್ರಕ್ಕೆ ಬಂದರು. ರಿಸೆಪ್ಷನ್‌ಗೆ ನಾರ್ತ್ ಇಂಡಿಯನ್ ಇರಲಿ, ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿ, ಆ ಹಳೇ ಬಾಗಿಲಿಗೆ ಬಣ್ಣ ಹೊಡೆಸಿ ಎಂದು ಅವರು ಒಂದೊಂದು ಹೇಳಿದಾಗಲೂ ಯಜಮಾನರ ಕೈ ಸೊಂಟಕ್ಕೆ ಹೋಗುತ್ತಿದ್ದುದನ್ನು ನಾನು ನೋಡುತ್ತಿದ್ದೆ.

ಮರುದಿನ ಡಾಕ್ಟರಮ್ಮ ಕಂಪ್ಯೂಟರಿನ ಗೆರೆಗಳನ್ನು ನೋಡುತ್ತಾ ಹೇಳಿದಳು: "ಊಟ ಆದ್ಮೇಲೆ ಆ್ಯಸಿಡ್ ಚೆನ್ನಾಗೇ ಬಂದಿದೆ. ರಾತ್ರೀನೂ ಇದೆ. ಆದ್ರೆ ಸಂಜೆ ನೀವು ತುಂಬಾ ಸಲ ಬಟನ್ ಒತ್ತಿದೀರಾ. ಆಗ ಆ್ಯಸಿಡ್ ಏನೂ ಇಲ್ವಲ್ಲ. ಏನಾಗ್ತಿತ್ತು?"

ಯಜಮಾನರಿಗಿಂತ ಮೊದಲೇ ಅಮ್ಮಾವ್ರು ಉತ್ತರ ಕೊಟ್ಟರು. "ಬೀಗರು ಬಂದಿದ್ರು."

ಡಾಕ್ಟರಮ್ಮ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅದಕ್ಕೆ ನನ್ನತ್ರ ಟ್ರೀಟ್‌ಮೆಂಟ್ ಇಲ್ಲ ಸರ್. ಇದಕ್ಕಿದೆ" ಎಂದಳು. ಹೊಟ್ಟೆ ಎದೆಗೂಡಿನೊಳಕ್ಕೆ ಸ್ವಲ್ಪವೇ ಜಾರಿದೆ, ಆದ್ದರಿಂದ ಬಾಯಿಂದಲೇ ಮಾಡಬಹುದು ಎಂದು ವಿವರಿಸಿದಳು. "ಮೈಮೇಲೆ ಎಲ್ಲೂ ಕೊಯ್ಯಲ್ಲ. ನಿದ್ದೆ ಬರಿಸಿ, ಬಾಯಿಂದ ಸ್ಕೋಪ್ ಬಿಟ್ಟು, ಹೊಟ್ಟೆ ಮೇಲ್ಭಾಗಾನ ಒಳಗಡೆಯಿಂದಾನೇ ಮಡಿಸಿ, ಅನ್ನನಾಳದ ಸುತ್ತ ಕೂರಿಸಿ, ಸಣ್ಣ ಸಣ್ಣ ಪಿನ್ ಥರದ್ದು ಹಾಕಿ ಬಿಗಿ ಮಾಡ್ತೀವಿ."

"ಸೀರೆ ನೆರಿಗೆ ಹಿಡಿದು ಪಿನ್ ಹಾಕಲ್ವಾ, ಹಂಗೆ" ಎಂದರು ಅಮ್ಮಾವ್ರು.

"ಕರೆಕ್ಟ್ ಆಂಟಿ."

"ಪಿನ್ ಬಿಚ್ಕೊಂಡ್ರೆ?" ಯಜಮಾನರ ದನಿ ಸಣ್ಣದಾಗಿತ್ತು.

"ಕೆಲವ್ರಿಗೆ ವರ್ಷಗಳಾದ ಮೇಲೆ ಸಡಿಲ ಆಗುತ್ತೆ. ಮತ್ತೆ ಮಾತ್ರೆ ಬೇಕಾಗಬಹುದು. ನಾನು ಗ್ಯಾರಂಟಿ ಕಾರ್ಡ್ ಕೊಡಲ್ಲ ಸರ್. ಮಾಡಿದ್ಮೇಲೆ ಎರಡು ವಾರ ಬರೀ ನೀರಿನಂಥದ್ದು ಕುಡೀಬೇಕು. ಆಮೇಲೆ ಒಂದು ತಿಂಗಳು ಮೆತ್ತಗಿರೋದು. ಅದು ಕಷ್ಟ. ಆಗುತ್ತಾ?"

ಮಾರ್ಚಿಗೆ ಇನ್ನೂ ಬೇಕಾದಷ್ಟು ಸಮಯವಿತ್ತು. ಯಜಮಾನರು ಒಪ್ಪಿದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಆಫೀಸಿಗೆ ಬಂದು ಸುಮ್ಮನೆ ಕೂತಿದ್ದರು. ಯಾವತ್ತೂ ಹಾಗೆ ಕೂತವರಲ್ಲ. "ನಿದ್ದೆ ಬರಿಸ್ತಾರಂತೆ ತಾಯಿ. ಏಳ್ದೇ ಹೋದ್ರೆ ಮಗಳ ಧಾರೆ ಯಾರ್ ಎರೀತಾರೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಏನು ಹೇಳಿದೆನೋ ನೆನಪಿಲ್ಲ. ಕಾಫಿ ತರಿಸಲೇ ಎಂದು ಕೇಳಿರಬೇಕು.

ಎದ್ದರು, ಚೆನ್ನಾಗಿಯೇ ಎದ್ದರು. ಗಂಟಲು ಮಾತ್ರ ಹುಣ್ಣಾದ ಹಾಗಾಗಿ ದನಿ ಹೊರಡುತ್ತಿರಲಿಲ್ಲ. ಮಾರನೆಯ ದಿನ ಬೀಗರು ಒಂದು ಬುಟ್ಟಿ ಸೇಬು ಹಿಡಿದುಕೊಂಡು ನೋಡಲು ಬಂದರು. ಕ್ಷೇಮ ವಿಚಾರಿಸಿ, ಕೂತು, ಮೆಲ್ಲಗೆ ವಿಷಯಕ್ಕೆ ಬಂದರು. ಹುಡುಗನ ಅಜ್ಜಿಗೆ ಹುಷಾರಿಲ್ಲ, ಮೊಮ್ಮಗನ ಮದುವೆ ನೋಡಬೇಕೆಂದು ಹಂಬಲಿಸುತ್ತಿದ್ದಾರೆ, ಮುಂದಿನ ವಾರವೇ ಒಳ್ಳೆಯ ಲಗ್ನವಿದೆ, ನಿಮ್ಮ ಛತ್ರ ಅವತ್ತು ಖಾಲಿಯಿದೆಯಂತೆ, ಆಗುತ್ತದೆಯೇ? ಯಜಮಾನರು ದಿಂಬಿನಿಂದ ತಲೆಯೆತ್ತಿ, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ, ಆಗಲ್ಲ ಎಂದು ಹೇಳಲು ಹೊರಟರು. "ಆಗ್ಲ್..." ಎಂಬಷ್ಟು ಮಾತ್ರ ಹೊರಬಂತು.

"ಆಗ್ಲಿ ಅಂದ್ರು" ಎಂದು ಬೀಗರು ಕೈ ಮುಗಿದರು. ಅಮ್ಮಾವ್ರೂ ನಾನೂ ಮುಖ ಮುಖ ನೋಡಿಕೊಂಡೆವು. ಆ ಮುದುಕಿಯ ಸುದ್ದಿ ಕೇಳಿದ ಮೇಲೆ ತಿದ್ದಲು ನಮಗೆ ಬಾಯಿ ಬರಲಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡರು.

ಹೀಗಾಗಿ ಮಗಳ ಮದುವೆಯ ದಿನ ಅವರ ಆಹಾರ ಸೋಸಿದ ಗಂಜಿ ತಿಳಿ ಮತ್ತು ನೀರು ಮಜ್ಜಿಗೆ. ಧಾರೆ ಎರೆದರು. ಅಳಬಾರದು, ಬಿಕ್ಕಳಿಸಿದರೆ ಒಳಗೆ ಎಳೆಯುತ್ತದೆ ಎಂದು ಯಾರೋ ಹೆದರಿಸಿದ್ದರಿಂದ ತುಟಿ ಬಿಗಿಹಿಡಿದು ನಿಂತಿದ್ದರು. ನೋಡಿದವರು, ಎಷ್ಟು ಗಟ್ಟಿ ಮನಸ್ಸು ಎಂದುಕೊಂಡರು. ಊಟದ ಹೊತ್ತಿಗೆ ಕೂರಲು ಜಾಗವೂ ಕಾರಣವೂ ಇಲ್ಲದೆ ಊಟದ ಹಾಲಿನಲ್ಲಿ ಓಡಾಡತೊಡಗಿದರು. ಅಷ್ಟು ವರ್ಷದಲ್ಲಿ ಅವರು ಆ ಹಾಲನ್ನು ಕುರ್ಚಿಯ ಮೇಲಿನಿಂದ ನೋಡಿದ್ದರೇ ಹೊರತು ನಿಂತು ನೋಡಿರಲಿಲ್ಲ. ಒಂದು ಪಂಕ್ತಿ ಉಣ್ಣುವಾಗ ಮುಂದಿನ ಪಂಕ್ತಿಯವರು ಕುರ್ಚಿಗಳ ಬೆನ್ನು ಹಿಡಿದು ಕಾಯುವುದು ನಮ್ಮ ಛತ್ರದಲ್ಲಿ ಹೊಸದೇನಲ್ಲ. ಅವರ ಹಳ್ಳಿಯ ಹಲ್ಲಿಲ್ಲದ ಸೋದರತ್ತೆಯೊಬ್ಬರು ಹೋಳಿಗೆಯನ್ನು ಚೂರು ಚೂರು ಮಾಡಿ ಹಾಲಿನಲ್ಲಿ ನೆನೆಸುತ್ತಿದ್ದರು. ಹಿಂದೆ ಸೂಟು ಹಾಕಿದ ಹುಡುಗನೊಬ್ಬ ನಿಂತು ಗಡಿಯಾರ ನೋಡುತ್ತಿದ್ದ. ಮುದುಕಿ ಗಾಬರಿಯಾಗಿ ಎಲೆ ಮಡಿಸಲು ಹೊರಟರು.

ಯಜಮಾನರು ಹೋಗಿ ಆ ಹುಡುಗನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾವೇ ಕುರ್ಚಿಯ ಹಿಂದೆ ನಿಂತರು. "ಅತ್ತೆ, ನಿಧಾನಕ್ಕೆ ತಿನ್ನು. ಈ ಕುರ್ಚಿ ಯಾರಿಗೂ ಕೊಡಲ್ಲ" ಎಂದರು ಒಡಕು ದನಿಯಲ್ಲಿ. ಮುದುಕಿ ಮುಗಿಸುವವರೆಗೂ ನಿಂತಿದ್ದರು. ಅದಾದ ಮೇಲೆ ನಮ್ಮ ಛತ್ರದಲ್ಲಿ ಉಣ್ಣುವವರ ಬೆನ್ನ ಹಿಂದೆ ನಿಲ್ಲುವುದು ನಿಂತಿತು. ಕಾಯುವವರಿಗೆ ಹೊರಗೆ ಬೆಂಚು ಹಾಕಿಸಿದರು.

ಎಲ್ಲ ಮುಗಿದು ಛತ್ರ ತಣ್ಣಗಾದಾಗ ನಾನು ಉಗ್ರಾಣದಲ್ಲಿ ಉಳಿದ ತಾಂಬೂಲದ ಚೀಲಗಳನ್ನು ಜೋಡಿಸುತ್ತಿದ್ದೆ. ಯಜಮಾನರು ಅಲ್ಲೇ ಅಕ್ಕಿ ಮೂಟೆಗೆ ಒರಗಿ ಕೂತಿದ್ದರು. ಅಮ್ಮಾವ್ರು ಎರಡು ಲೋಟ ಹಿಡಿದುಕೊಂಡು ಬಂದರು. ಒಂದನ್ನು ಗಂಡನಿಗೆ ಕೊಟ್ಟು, ಇನ್ನೊಂದನ್ನು ತಾವೇ ಹಿಡಿದು ಎದುರಿಗೆ ಕೂತರು. ಎರಡರಲ್ಲೂ ಗಂಜಿ ತಿಳಿ.

"ನೀನ್ ಯಾಕೆ ಇದನ್ ಕುಡೀತಿಯಾ. ಹೋಗಿ ಊಟ ಮಾಡು" ಎಂದರು ಯಜಮಾನರು.

"ಆಮೇಲೆ ಮಾಡ್ತೀನಿ."

"ಹೊತ್ತಾಗಿಲ್ವಾ."

"ಮೂವತ್ತು ವರ್ಷ ಮಧ್ಯಾಹ್ನ ಒಬ್ಳೇ ಉಂಡಿದೀನಿ. ನೀವು ಊರೋರ ಜೊತೆ ಉಂಡ್ರಿ. ಇವತ್ತು ಒಂದಿನ ಜೊತೇಲಿ ಕುಡಿಯೋಕ್ ಬಿಡಿ." ಆಕೆ ಇದನ್ನು ಕೋಪದಲ್ಲಿ ಹೇಳಲಿಲ್ಲ. ಉಪ್ಪು ಸಾಲದು ಎನ್ನುವ ಹಾಗೆ ಹೇಳಿ ಲೋಟ ಬಾಯಿಗಿಟ್ಟುಕೊಂಡರು. ಯಜಮಾನರು ಪಕ್ಕಕ್ಕೆ ಸರಿದು, ಮೂಟೆಗೆ ಒರಗಲು ಆಕೆಗೂ ಜಾಗ ಮಾಡಿಕೊಟ್ಟರು. ನಾನು ಚೀಲಗಳನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಬೇಸಿಗೆಯ ಹೊತ್ತಿಗೆ ಡಾಕ್ಟರಮ್ಮ ಪರೀಕ್ಷಿಸಿ, ನೆರಿಗೆ ಚೆನ್ನಾಗಿ ಕೂತಿದೆ, ಇನ್ನು ಎಲ್ಲವನ್ನೂ ತಿನ್ನಬಹುದು, ಹೊಟ್ಟೆ ಬಿರಿಯುವಷ್ಟು ಬೇಡ ಎಂದಳು. ನಾನೂ ಜೊತೆಯಲ್ಲಿದ್ದೆ, ಕಿವಿಯಾರೆ ಕೇಳಿದೆ. ಕೆಮ್ಮು ಹೋಗಿತ್ತು, ದನಿ ಬಂದಿತ್ತು, ಮಂಚದ ಕೆಳಗಿನ ಇಟ್ಟಿಗೆ ತೆಗೆದು ತುಳಸಿ ಕಟ್ಟೆಗೆ ಹಾಕಿಸಿದ್ದರು. ಮರುದಿನವೇ ಒಂದು ದೊಡ್ಡ ಮದುವೆ. ಹೆಣ್ಣಿನ ತಂದೆ ಬಾಗಿಲಿಗೆ ಬಂದು ಕೈ ಮುಗಿದು ಕರೆದರು. ಯಜಮಾನರು ಎದ್ದು, ಅವರ ಎರಡೂ ಕೈ ಹಿಡಿದುಕೊಂಡು, "ಮನ್ನಿಸ್ಬೇಕು ಸ್ವಾಮಿ. ಆಪ್ರೇಷನ್ ಆಗೈತೆ. ಹೊರಗಡೆ ಊಟ ಮುಟ್ಟಂಗಿಲ್ಲ ಅಂದವ್ರೆ ಡಾಕ್ಟ್ರು" ಎಂದು ಹೇಳಿ ಸ್ಕೂಟರ್ ಹತ್ತಿ ಮನೆಗೆ ಹೋದರು. ಮರುದಿನವೂ ಹಾಗೆಯೇ. ಆಮೇಲೆ ಅದೇ ರೂಢಿಯಾಯಿತು. ಇವರಿಗೆ ಇನ್ನೂ ವಾಸಿಯಾಗಿಲ್ಲ ಎಂದು ಪೇಟೆಯೆಲ್ಲ ಮರುಗಿತು. ಮನೆಯಲ್ಲಿ ಅವರು ಮುದ್ದೆ, ಬಸ್ಸಾರು, ಭಾನುವಾರ ಕೋಳಿ ಸಾರು ಎಲ್ಲವನ್ನೂ ಉಣ್ಣುತ್ತಿದ್ದರು.

ಒಂದು ದಿನ ತಡೆಯಲಾರದೆ ನಾನೇ ಕೇಳಿದೆ. "ಯಜಮಾನ್ರೆ, ಡಾಕ್ಟ್ರು ಏನೂ ಬೇಡ ಅಂದಿಲ್ವಲ್ಲ. ಯಾಕೆ ಅವರ ಮೇಲೆ ಹಾಕ್ತೀರಾ?"

ಅವರು ಸ್ಕೂಟರ್ ಕೀಲಿ ಹುಡುಕುತ್ತಿದ್ದರು. "ಡಾಕ್ಟ್ರು ಬಿಡಲ್ಲ ಅಂದ್ರೆ ಯಾರೂ ನೊಂದ್ಕೊಳಲ್ಲ ತಾಯಿ" ಎಂದರು. "ಮನೇಲಿ ಹೆಂಡ್ತಿ ಎಲೆ ಹಾಕ್ಕೊಂಡು ಕಾಯ್ತಾಳೆ ಅಂದ್ರೆ, ಈ ವಯಸ್ಸಲ್ಲಿ, ನಗ್ತಾರೆ."